ಭತ್ತದ ಸೀಮೆಯ ಮನೆಗೆ ಔಷಧಿ ಲೇಪಿತ ಸೊಳ್ಳೆ ಪರದೆ

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟು ನಾಟಿ ಶುರುವಾಯಿತೆಂದರೆ ಗಂಗಾವತಿ ಸುತ್ತಿನ ಹಳ್ಳಿಗಳಲ್ಲಿ ಪರದೆಯಿಲ್ಲದೆ ಮಲಗುವುದು ಕಷ್ಟ. ಈ ಹಂಗಾಮಿನಲ್ಲಿ ನಮ್ಮ ಮನೆಯಲ್ಲಿ ಸಾದಾ ಪರದೆಯ ಬದಲು ಡೆಲ್ಟಾಮೆಥ್ರಿನ್ ಎಂಬ ಕೀಟನಾಶಕ ಲೇಪಿತ, ದೀರ್ಘಬಾಳಿಕೆಯ ಪರದೆಯನ್ನು ಬಳಸುತ್ತಿದ್ದೇವೆ. ಬೆಲೆ ಹೆಚ್ಚಾದರೂ ಇದು ತೆಗೆದುಕೊಳ್ಳತಕ್ಕ ವಸ್ತು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅದಕ್ಕೆ ಮುಖ್ಯ ಕಾರಣ ಸೊಳ್ಳೆಯ ಒಡಲೊಳಗೇ ಇದೆ.

ಹೆಣ್ಣು ಸೊಳ್ಳೆ ರಕ್ತ ಹೀರುವುದು ಮೊಟ್ಟೆಗಾಗಿ. ರಕ್ತ ಸಿಕ್ಕ ಮೇಲೆ ಅದರ ಕೊಬ್ಬಿನ ಅಂಗಾಂಶವು, ನಮ್ಮಲ್ಲಿ ಯಕೃತ್ತೂ ಕೊಬ್ಬೂ ಬೇರೆ ಬೇರೆಯಾಗಿ ಮಾಡುವ ಕೆಲಸಗಳನ್ನು ಒಂದೇ ಕಡೆ ನಡೆಸುತ್ತ, ಮೊಟ್ಟೆಯ ಪೋಷಣೆಗೆ ಬೇಕಾದ ವಿಟೆಲ್ಲೊಜೆನಿನ್ ಎಂಬ ಪ್ರೋಟೀನನ್ನೂ ಕೊಬ್ಬನ್ನು ಹೊತ್ತೊಯ್ಯುವ ಲಿಪೊಫೊರಿನ್ನನ್ನೂ ತಯಾರಿಸುತ್ತದೆ. ರೋಗಾಣುಗಳನ್ನು ಎದುರಿಸುವ ಹಲವು ಪ್ರೋಟೀನುಗಳು ಹುಟ್ಟುವುದೂ ಇದೇ ಅಂಗಾಂಶದಲ್ಲಿ. ಆಫ್ರಿಕಾದ ಅನಾಫಿಲಿಸ್ ಗ್ಯಾಂಬಿಯೆ ಸೊಳ್ಳೆ ಮತ್ತು ಇಲಿಗಳ ಮಲೇರಿಯಾ ಪರಾವಲಂಬಿಯನ್ನು ಇಟ್ಟುಕೊಂಡು ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಈ ಎರಡು ಪ್ರೋಟೀನುಗಳ ಪೈಕಿ ಯಾವುದನ್ನು ತಗ್ಗಿಸಿದರೂ, ಪರಾವಲಂಬಿಗೆ ಅಂಟಿಕೊಂಡು ಅದರ ನಾಶಕ್ಕೆ ಕಾರಣವಾಗುವ ಟಿಇಪಿ1 ಎಂಬ ರಕ್ಷಣಾ ಪ್ರೋಟೀನು ಇನ್ನಷ್ಟು ಪರಿಣಾಮಕಾರಿಯಾಯಿತು. ಅಂದರೆ ಮೊಟ್ಟೆಗೆ ಕೊಬ್ಬು ಸಾಗುವ ಹೊತ್ತಿನಲ್ಲೇ ಸೊಳ್ಳೆಯ ಸ್ವಂತ ರಕ್ಷಣೆ ಸಡಿಲಗೊಳ್ಳುತ್ತದೆ, ಮತ್ತು ಸೋಂಕಿತ ರಕ್ತದ ಜೊತೆಗೆ ಪರಾವಲಂಬಿ ಒಳಸೇರುವುದೂ ಅದೇ ಹೊತ್ತಿನಲ್ಲಿ. ಭಾರತದ ಹಳ್ಳಿಗಳಲ್ಲಿ ಮಲೇರಿಯಾ ಹರಡುವ ಮುಖ್ಯ ಸೊಳ್ಳೆ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಬೇರೆ ಜಾತಿಯದು. ಆ ಪ್ರಯೋಗದ ಫಲವನ್ನು ಇದಕ್ಕೆ ಇದ್ದಂತೆಯೇ ಹೊಂದಿಸಬಾರದು. ಆದರೆ ರಕ್ತ ಸಿಗದಿದ್ದರೆ ಮೊಟ್ಟೆಯೂ ಇಲ್ಲ, ಪರಾವಲಂಬಿಗೆ ದಾರಿಯೂ ಇಲ್ಲ ಎಂಬುದು ಎರಡಕ್ಕೂ ಒಂದೇ.

ಸಾದಾ ಪರದೆಯಲ್ಲಿ ನಿದ್ದೆಗಣ್ಣಿನಲ್ಲಿ ಕೈ ತಾಗಿದರೆ ಸೊಳ್ಳೆ ಹೊರಗಿನಿಂದಲೇ ಕಚ್ಚುತ್ತದೆ. ಲೇಪಿತ ಪರದೆಯ ಮೇಲೆ ಕುಳಿತ ಸೊಳ್ಳೆಗೆ ಔಷಧಿ ತಾಗುತ್ತದೆ. ಈ ಔಷಧಿಗೆ ಜಗ್ಗದ ಸೊಳ್ಳೆಗಳು ಹಲವೆಡೆ ಕಂಡುಬಂದಿರುವುದು ನಿಜ. ಆಗಲೂ ನೂಲಿನ ತಡೆ ಉಳಿದೇ ಇರುತ್ತದೆ. ಇಂಥ ಪರದೆಗಳು ಸಾಮಾನ್ಯವಾಗಿ 20 ಒಗೆತ, ಸುಮಾರು 3 ವರ್ಷ ಬಾಳುವಂತೆ ತಯಾರಾಗುತ್ತವೆ. ಮೆದು ಸಾಬೂನಿನಿಂದ ಒಗೆದು ನೆರಳಲ್ಲಿ ಒಣಗಿಸಬೇಕು. ಕಾಲುವೆಯಲ್ಲಾಗಲಿ ಕೆರೆಯಲ್ಲಾಗಲಿ ಒಗೆಯಲೇಬಾರದು, ಏಕೆಂದರೆ ಡೆಲ್ಟಾಮೆಥ್ರಿನ್ ಮೀನಿಗೆ ವಿಷ. ಇಷ್ಟು ಮುಖ್ಯವಾದ ಸೂಚನೆ ನಮಗೆ ಸಿಕ್ಕ ಪೊಟ್ಟಣದ ಮೇಲೆ ಕನ್ನಡದಲ್ಲಿ ಇರಲಿಲ್ಲ. ಕಾಲುವೆ ದಂಡೆಯಲ್ಲೇ ಬಟ್ಟೆ ಒಗೆಯುವ ಸೀಮೆಯಲ್ಲಿ ಮಾರುವ ವಸ್ತುವಿಗೆ ಇದು ಸಣ್ಣ ಲೋಪವಲ್ಲ.

ಬೇಸಿಗೆಯಲ್ಲಿ ಒಳಗೆ ಗಾಳಿ ಕಡಿಮೆ. ಮಾಳಿಗೆಯ ಮೇಲೆ ಹೊರಸಿಗೆ ಕಟ್ಟಿದಾಗ ಅಂಚು ಹಾಸಿಗೆಯಡಿ ಸಿಕ್ಕಿಸುವಷ್ಟು ಉದ್ದ ಬರುವುದಿಲ್ಲವಾದ್ದರಿಂದ ಒಂದಳತೆ ದೊಡ್ಡದನ್ನೇ ಕೊಳ್ಳುವುದು ಲೇಸು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲಲ್ಲಿ ಕಚ್ಚುವುದರಿಂದ ಆ ಜ್ವರಕ್ಕೆ ಈ ಪರದೆಯೊಂದೇ ಸಾಲದು. ಮಧ್ಯಾಹ್ನ ಮಲಗುವ ಕೂಸಿಗೂ ಇದನ್ನು ಕಟ್ಟಬೇಕು, ನೀರಿನ ಡ್ರಮ್ಮುಗಳನ್ನು ಮುಚ್ಚಿಡಬೇಕು, ವಾರಕ್ಕೊಮ್ಮೆ ಬರಿದುಮಾಡಿ ತಿಕ್ಕಿ ತೊಳೆಯಬೇಕು.