ಜಾವಾದಲ್ಲಿ ಈಕ್ವಲ್ಸ್: ಗೆಟ್‌ಕ್ಲಾಸ್ ಬೇಕಾ, ಇನ್‌ಸ್ಟೆನ್ಸ್‌ಆಫ್ ಬೇಕಾ?

ಸಬ್‌ಕ್ಲಾಸ್ (ಒಂದು ಕ್ಲಾಸ್‌ನಿಂದ ಹುಟ್ಟಿದ ಇನ್ನೊಂದು ಕ್ಲಾಸ್) ಇರುವ ಕಡೆ ಈಕ್ವಲ್ಸ್, ಅಂದರೆ ಎರಡು ಆಬ್ಜೆಕ್ಟ್ ಸಮವೇ ಎಂದು ಹೇಳುವ ಮೆಥಡ್, ಬರೆಯುವಾಗ ಯಾವುದನ್ನು ಆರಿಸಬೇಕು ಎಂದು ಕೇಳಿದ್ದೀರಿ. ಗೆಟ್‌ಕ್ಲಾಸ್‌ನಿಂದ ಎರಡರ ಕ್ಲಾಸ್ ಒಂದೇನಾ ಎಂದು ನೋಡುತ್ತೇವೆ; ಇನ್‌ಸ್ಟೆನ್ಸ್‌ಆಫ್ ಸಬ್‌ಕ್ಲಾಸ್ ಆದರೂ ಒಪ್ಪುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಎರಡೂ ಕಡೆಯಿಂದ ಒಂದೇ ಉತ್ತರ ಬರುವುದು. ಎ ಬಿಗೆ ಸಮ ಎಂದರೆ ಬಿ ಕೂಡ ಎಗೆ ಸಮ ಆಗಲೇಬೇಕು, ಅಲ್ವಾ? ಇನ್‌ಸ್ಟೆನ್ಸ್‌ಆಫ್ ಬಳಸಿ, ಸಬ್‌ಕ್ಲಾಸ್‌ನಲ್ಲಿ ಹೊಸ ಫೀಲ್ಡ್ ಸೇರಿಸಿ ಈಕ್ವಲ್ಸ್ ಮತ್ತೆ ಬರೆದರೆ ಇದು ಸುಲಭವಾಗಿ ಮುರಿಯುತ್ತದೆ. ಜಾವಾದ ಒಳಗೇ ಉದಾಹರಣೆ ಇದೆ. ಡೇಟ್ ತಾನು ತನ್ನ ಸಬ್‌ಕ್ಲಾಸ್ ಆದ ಟೈಮ್‌ಸ್ಟ್ಯಾಂಪ್‌ಗೆ ಸಮ ಎನ್ನಬಹುದು, ಟೈಮ್‌ಸ್ಟ್ಯಾಂಪ್ ಮಾತ್ರ ಬರಿ ಡೇಟ್‌ಗೆ ಸಮ ಎಂದು ಯಾವತ್ತೂ ಒಪ್ಪುವುದಿಲ್ಲ. ಎರಡನ್ನೂ ಒಂದೇ ಸೆಟ್‌ನಲ್ಲಿ ಬೆರೆಸಿದರೆ ಉತ್ತರ ನಂಬುವ ಹಾಗಿಲ್ಲ. ಗೆಟ್‌ಕ್ಲಾಸ್‌ನಲ್ಲಿ ಈ ತೊಂದರೆ ಇಲ್ಲ.

ಆದರೆ ಬಳಸುವಾಗ ಗೆಟ್‌ಕ್ಲಾಸ್ ತುಂಬಾ ಬಿಗಿ. ಸುಮ್ನೆ ಒಂದು ಮೆಥಡ್ ಸೇರಿಸಿದ ಸಬ್‌ಕ್ಲಾಸ್ ಕೂಡ ಬೇರೆಯಾಗಿಬಿಡುತ್ತದೆ. ಹೈಬರ್ನೇಟ್ (ಡೇಟಾಬೇಸ್ ಜೊತೆ ಕೆಲಸ ಮಾಡುವ ಲೈಬ್ರರಿ) ನಿಮ್ಮ ಆಬ್ಜೆಕ್ಟ್ ಬದಲು ಇಡುವ ಸಬ್‌ಕ್ಲಾಸ್ ಆಬ್ಜೆಕ್ಟ್, ಅಂದರೆ ಪ್ರಾಕ್ಸಿ, ಇರುವ ಕಡೆ ಇದು ಜಾಸ್ತಿ ಕಾಡುತ್ತದೆ.

ಸಬ್‌ಕ್ಲಾಸ್‌ಗಳು ಹೋಲಿಕೆಯ ಅರ್ಥ ಬದಲಿಸದಿದ್ದರೆ ಇನ್‌ಸ್ಟೆನ್ಸ್‌ಆಫ್ ಇರಲಿ, ಸಬ್‌ಕ್ಲಾಸ್ ಅದನ್ನು ಮತ್ತೆ ಬರೆಯದಂತೆ ಈಕ್ವಲ್ಸ್ ಅನ್ನು ಫೈನಲ್ ಮಾಡಿ. ಸಬ್‌ಕ್ಲಾಸ್ ತನ್ನದೇ ಫೀಲ್ಡ್ ಹೋಲಿಸಬೇಕಾದರೆ ಗೆಟ್‌ಕ್ಲಾಸ್. ಎರಡರಲ್ಲೂ ಹ್ಯಾಶ್‌ಕೋಡ್ (ಹ್ಯಾಶ್‌ಸೆಟ್‌ನಂಥವು ಆಬ್ಜೆಕ್ಟ್ ಹುಡುಕಲು ಬಳಸುವ ಸಂಖ್ಯೆ ಕೊಡುವ ಮೆಥಡ್) ಜೊತೆಗೇ ಬರೆಯಿರಿ. ಬರಿ ಡೇಟಾ ಇಡುವುದಾದರೆ ಜಾವಾ 16ರ ರೆಕಾರ್ಡ್ (ಈಕ್ವಲ್ಸ್, ಹ್ಯಾಶ್‌ಕೋಡ್ ತಾನಾಗಿಯೇ ಬರುವ ಡೇಟಾ ಕ್ಲಾಸ್) ಸಾಕು; ಅದಕ್ಕೆ ಸಬ್‌ಕ್ಲಾಸ್ ಮಾಡಲು ಆಗುವುದೇ ಇಲ್ಲ.