ಫ್ರೀ ಗ್ಲಾಸ್ ಹಾಕಿಸಿಕೊಳ್ಳುವ ಮುಂಚೆ ಇದನ್ನೊಮ್ಮೆ ಓದಿ

ಹೊಸ ಫೋನ್ ತಗೊಂಡ ಅಂಗಡಿಯಲ್ಲೇ "ಗ್ಲಾಸ್ ಫ್ರೀ ಐತ್ರಿ" ಅಂದರೆ, ಅದರಲ್ಲೂ ಅಂಚು ಬಾಗಿದ ಸ್ಕ್ರೀನಿನ ಮೇಲೆ ಅಂಟು ಸುರಿದು ನೀಲಿ ದೀಪ ಹಿಡಿದು ಕೂರಿಸುವ ಗ್ಲಾಸ್ ಆದರೆ, ಬೇಡ ಅನ್ನಿ. ನಾನು ಹ್ಞೂಂ ಅಂದೆ. ಆ ಒಂದು ಹ್ಞೂಂಗೆ ಬಾಗಲಕೋಟೆಗೆ ನಾಲ್ಕು ಸಲ ಓಡಾಡಿದೆ, 26 ದಿನ ಸರಿಯಾದ ಫೋನ್ ಇಲ್ಲದೆ ಒದ್ದಾಡಿದೆ, ಕೊನೆಗೆ ಉದ್ರಿ ಲೆಕ್ಕವೂ ಹೋಯಿತು.

ನಾನು ಇಳಕಲ್‌ನವಳು. ಮನೆಯಲ್ಲಿ ಎರಡು ಮಗ್ಗ ಇವೆ, ಮಾವ ನೇಯುತ್ತಾರೆ, ನಾನು ಸೀರೆಗಳ ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಮಾರುತ್ತೇನೆ. ಬಣ್ಣ ಇದ್ದದ್ದು ಇದ್ದ ಹಾಗೆ ಕಾಣಬೇಕು ಅಂತಲೇ ದೀಪಾವಳಿ ಮುಂಚೆ 31,000 ರೂಪಾಯಿ ಕೊಟ್ಟು ಅಮೋಲೆಡ್ ಸ್ಕ್ರೀನಿನ ಫೋನ್ ತಗೊಂಡಿದ್ದೆ. ದಾಳಿಂಬೆ ಕೆಂಪಿಗೂ ಕುಂಕುಮ ಕೆಂಪಿಗೂ ವ್ಯತ್ಯಾಸ ತಿಳಿಯದಿದ್ದರೆ ನನ್ನ ವ್ಯಾಪಾರ ಮುಗಿದ ಹಾಗೆ. ಹಳೆ ಫೋನಿನಲ್ಲಿ ಗಿಳಿ ಹಸಿರು ಅಂತ ಕಳಿಸಿದ ಎರಡು ಸೀರೆ "ಇದು ಬೇರೆ ಹಸಿರು" ಅಂತ ವಾಪಸ್ ಬಂದಿದ್ದವು. ಆ ಸಿಟ್ಟಿಗೇ ಇಷ್ಟು ದುಡ್ಡು ಹಾಕಿದ್ದು.

ಅಂಗಡಿ ಹುಡುಗ ಗ್ಲಾಸ್ ಕೂರಿಸುವಾಗ ನಾನು ಎದುರಿಗೇ ಇದ್ದೆ. ಸ್ಕ್ರೀನಿನ ನಡುವೆ ಅಂಟು ಹನಿಸಿದ, ಗ್ಲಾಸ್ ಇಟ್ಟ, ಅಂಟು ನಿಧಾನಕ್ಕೆ ಅಂಚಿನವರೆಗೂ ಹರಡಿತು. ಹೆಚ್ಚಾದದ್ದನ್ನು ಟಿಶ್ಯೂ ಪೇಪರಿನಲ್ಲಿ ಒರೆಸಿದ. ಆಮೇಲೆ ಆ ನೀಲಿ ಯುವಿ ದೀಪ ಹಿಡಿದ, ಅಂಟು ಗಟ್ಟಿಯಾಯಿತು. ನೋಡಲು ಬಲು ಚೆಂದ. ಆದರೆ ದೀಪ ಹಿಡಿಯುವವರೆಗೂ ಅದು ನೀರಿನ ಹಾಗೆ ಇರುತ್ತದೆ, ಅಲ್ವಾ? ಕಿವಿಗೆ ಹಿಡಿಯುವ ಸ್ಪೀಕರಿನ ಜಾಲರಿ, ಪಕ್ಕದ ಬಟನ್ನು, ಸಿಮ್ ಹಾಕುವ ಸಂದಿ, ಎಲ್ಲಿ ದಾರಿ ಸಿಕ್ಕರೆ ಅಲ್ಲಿ ಇಳಿಯುತ್ತದೆ. ಅಲ್ಲೇ ಗಟ್ಟಿಯಾದರೆ ಮುಗಿಯಿತು. ಈ ಗ್ಲಾಸ್ ಹಾಕಿಸಬೇಡಿ ಅಂತ ಕೆಲವು ಫೋನ್ ಕಂಪನಿಗಳೇ ಹೇಳಿವೆ, ನನಗದು ಆಮೇಲೆ ಗೊತ್ತಾಯಿತು. ಎರಡನೇ ವಾರದಲ್ಲೇ ಕಾಲ್ ಬಂದರೆ ದನಿ ಸ್ವಲ್ಪ ಕ್ಷೀಣ ಕೇಳುತ್ತಿತ್ತು. ನೆಟ್‌ವರ್ಕ್ ಸರಿ ಇಲ್ಲ ಅಂದುಕೊಂಡು ಸುಮ್ನೆ ಬಿಟ್ಟೆ. ಅದು ನನ್ನದೇ ತಪ್ಪು.

ಏಪ್ರಿಲ್‌ನಲ್ಲಿ ಒಂದು ರಾತ್ರಿ ಅಪ್‌ಡೇಟ್ ಬಂತು. ಚಾರ್ಜಿಗೆ ಹಾಕಿ ಮಲಗಿದೆ. ಬೆಳಗ್ಗೆ ನೋಡಿದರೆ ಸ್ಕ್ರೀನಿನ ಮೇಲಿನಿಂದ ಕೆಳಗಿನವರೆಗೆ ಕೂದಲೆಳೆಯಷ್ಟು ಹಸಿರು ಗೆರೆ. ಫೋನ್ ಬಿದ್ದಿರಲಿಲ್ಲ, ನೀರು ತಾಗಿರಲಿಲ್ಲ. ಮಾವ ಮಗ್ಗದ ಮೇಲಿಂದಲೇ ಕಣ್ಣು ಕಿರಿದು ಮಾಡಿ ನೋಡಿದರು. "ಹಾಸಿನ ಎಳಿ ಕೈಕೊಟ್ಟೈತವಾ, ಇನ್ನೇನೂ ಅಲ್ಲ" ಅಂದರು. ಹಾಸು ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹಾಯಿಸಿದ ನೂಲು. ನಾನು ನಕ್ಕೆ.

ವಾರದಲ್ಲಿ ಅದರ ಪಕ್ಕ ಗುಲಾಬಿ ಬಣ್ಣದ ಇನ್ನೊಂದು ಗೆರೆ ಬಂತು. ನಿಮಗೂ ಹೀಗಾದರೆ ಮೊದಲು ಒಂದು ಸ್ಕ್ರೀನ್‌ಶಾಟ್ ತೆಗೆದು ಬೇರೆ ಫೋನಿಗೆ ಕಳಿಸಿ ನೋಡಿ. ಅದರಲ್ಲಿ ಗೆರೆ ಕಾಣದಿದ್ದರೆ ಕೆಟ್ಟಿರುವುದು ಸ್ಕ್ರೀನೇ, ಒಳಗಿನ ಆ್ಯಪ್ ಅಲ್ಲ, ರೀಸೆಟ್ ಮಾಡಿದರೂ ಹೋಗುವುದಿಲ್ಲ. ಇದು ಗೊತ್ತಿಲ್ಲದೆ ನಾನು ಅರ್ಧ ದಿನ ಯಾರ್ಯಾರೋ ಹೇಳಿದ ಸೆಟ್ಟಿಂಗ್ ಒತ್ತುತ್ತಾ ಕೂತಿದ್ದೆ.

ಅಂಗಡಿಯವರು, "ಅಕ್ಕಾರ, ಇದು ಕಂಪನಿ ತಪ್ಪು. ವರ್ಷದ ವಾರಂಟಿ ಐತಿ, ಬಾಗಲಕೋಟಿಗೆ ಒಯ್ಯಿರಿ, ಪುಕ್ಕಟ ಹಾಕಿ ಕೊಡ್ತಾರ" ಅಂದರು. ಹೋದೆ. ಹೆಂಗಸರಿಗೆ ಬಸ್ ಫ್ರೀ ಇರುವುದರಿಂದ ಟಿಕೆಟ್ ಖರ್ಚಿಲ್ಲ, ಆದರೆ ದಾರಿಯಲ್ಲಿ ಅಮೀನಗಡ ಬರುತ್ತದೆ, ಕರದಂಟಿಗೆ ಪ್ರತಿ ಸಲ ಖರ್ಚಾಯಿತು.

ಸರ್ವಿಸ್ ಸೆಂಟರಿನಲ್ಲಿ ಟೋಕನ್ ಕೊಟ್ಟರು. ಫೋನ್ ಒಳಗೆ ಒಯ್ದರು. ಹತ್ತು ನಿಮಿಷಕ್ಕೆ ಹೊರಗೆ ಬಂದು, "ಮೇಡಂ, ಒಳಗ ಗ್ಲೂ ಹೋಗೇತ್ರಿ. ಇದು ಸಿಐಡಿ. ವಾರಂಟಿ ಬರೂದಿಲ್ಲ, ಸ್ಕ್ರೀನಿಗೆ 13,800 ಆಗ್ತೈತಿ" ಅಂದರು. ಸಿಐಡಿ ಅಂದರೆ ಪೊಲೀಸರಾ ಅಂತ ಗಾಬರಿಯಾದೆ. ಅಲ್ಲ, ಅದು ಅವರ ಭಾಷೆ. ಕಸ್ಟಮರ್ ಇಂಡ್ಯೂಸ್ಡ್ ಡ್ಯಾಮೇಜ್, ಅಂದರೆ ಕೆಡಿಸಿದ್ದು ಗ್ರಾಹಕರೇ. ಜಾಬ್ ಶೀಟಿನಲ್ಲಿ, ಅಂದರೆ ಫೋನಿಗೆ ಏನಾಗಿದೆ ಅಂತ ಬರೆಯುವ ರಿಪೇರಿ ಚೀಟಿಯಲ್ಲಿ, ಅದನ್ನೇ ಬರೆದು ಸಹಿ ಕೇಳಿದರು, ನಾನು ಓದದೆ ಸಹಿ ಹಾಕಿದೆ. ಹಸಿರು ಗೆರೆಯ ಮಾತೇ ಅದರಲ್ಲಿ ಇರಲಿಲ್ಲ! ಈ ಇಡೀ ಕತೆಯಲ್ಲಿ ನಾನು ಮಾಡಿದ ದೊಡ್ಡ ದಡ್ಡತನ ಇದೇ, ಗ್ಲಾಸ್ ಹಾಕಿಸಿದ್ದಕ್ಕಿಂತ ದೊಡ್ಡದು. ಯಾಕೆಂದರೆ ಕಂಪನಿಗೆ ಫೋನ್ ಮಾಡಿದಾಗಲೆಲ್ಲ ಅವರ ಕಂಪ್ಯೂಟರಿನಲ್ಲಿ ಕಾಣುತ್ತಿದ್ದದ್ದು ಆ ಜಾಬ್ ಶೀಟ್ ಮಾತ್ರ. "ನಿಮ್ಮದು ಅಂಟಿನ ಸಮಸ್ಯೆ" ಅನ್ನುತ್ತಿದ್ದರು. ಅಂಟಿನ ಸಮಸ್ಯೆ ಅಂತ ನಾನು ಹೋಗಿಯೇ ಇರಲಿಲ್ಲ.

ಹೊರಗೆ ಚಹಾದ ಹತ್ತಿರ ಅಲ್ಲಿನ ರಿಪೇರಿ ಹುಡುಗ ಸಿಕ್ಕ. ಒಳ್ಳೆಯ ಹುಡುಗ. "ತಮ್ಮಾ, ಅಂಟಿಗೂ ಗೆರೆಗೂ ಏನು ಸಂಬಂಧ, ಖರೇ ಹೇಳು" ಅಂದೆ. ಅವನು ಹೇಳಿದ್ದು ಇಷ್ಟು. ಸ್ಕ್ರೀನಿನಲ್ಲಿ ಲಕ್ಷಾಂತರ ಚುಕ್ಕಿಗಳು ಉದ್ದ ಸಾಲಾಗಿ ಇರುತ್ತವೆ. ಒಂದೊಂದು ಸಾಲಿಗೂ ಕೆಳಗಿನ ಅಂಚಿನಿಂದ ಸಿಗ್ನಲ್ ಬರುತ್ತದೆ. ಅಲ್ಲಿ ತೆಳುವಾದ ರಿಬ್ಬನ್ನಿನಂಥ ಕೇಬಲ್ ಒತ್ತಿ ಕೂರಿಸಿರುತ್ತಾರೆ. ಎಲ್ಲೋ ಒಂದು ಕಡೆ ಆ ಜೋಡಣೆ ಬಿಟ್ಟರೆ ಆ ಸಾಲು ಮಾತು ಕೇಳುವುದಿಲ್ಲ, ಒಂದೇ ಬಣ್ಣದಲ್ಲಿ ಉರಿಯುತ್ತಲೇ ಇರುತ್ತದೆ. ಅಪ್‌ಡೇಟ್ ಆಗುವಾಗ ಫೋನ್ ಬಿಸಿಯಾಗುತ್ತದೆ, ಮೊದಲೇ ಸಡಿಲ ಇದ್ದದ್ದು ಆಗ ಕೈಕೊಡುತ್ತದೆ. ಅಂಟು ಹೋಗಿರುವುದು ಮೇಲೆ, ಕಿವಿಯ ಸ್ಪೀಕರಿನಲ್ಲಿ. ಕೆಟ್ಟಿರುವುದು ಕೆಳಗೆ.

ಮಾವ ಹೇಳಿದ್ದು ಇದೇ ಅಲ್ವಾ! ನಮ್ಮ ಸೀರೆಯಲ್ಲಿ ಮೈಯ ಹಾಸಿನ ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ಎಳೆ ಕೈಕೊಟ್ಟರೆ ಗೆರೆ ಉದ್ದಕ್ಕೂ ಕಾಣುತ್ತದೆ. ಅದಕ್ಕೆ ಅಂಚಿಗೆ ಹತ್ತಿದ ಕಲೆಯನ್ನು ಯಾರೂ ಬೈಯುವುದಿಲ್ಲ.

ಬಿಸಿಯ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಎಷ್ಟೋ ಫೋನುಗಳ ಪುಸ್ತಕದಲ್ಲಿ 35 ಡಿಗ್ರಿ ಒಳಗೆ ಬಳಸಿ ಅಂತ ಬರೆದಿರುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ 40 ದಾಟುತ್ತದೆ. ಹಾಗಾದರೆ ಮಾರ್ಚ್‌ನಿಂದ ಮೇವರೆಗೆ ಫೋನನ್ನು ಗಡಿಗೆ ನೀರಿನ ಪಕ್ಕ ಇಟ್ಟು ಪೂಜೆ ಮಾಡಬೇಕಾ?

ಮನೆಗೆ ಬಂದು ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಿದೆ. ಕನ್ನಡದಲ್ಲೇ ಮಾತಾಡಿದರು, ದೂರಿನ ನಂಬರ್ ಕೊಟ್ಟರು. ಅವರು ಕಂಪನಿಗೆ ಆದೇಶ ಕೊಡುವವರಲ್ಲ, ದೂರನ್ನು ಮುಟ್ಟಿಸಿ ಉತ್ತರ ಕೇಳುತ್ತಾರೆ ಅಷ್ಟೇ. ಜೊತೆಗೆ ನಾನೂ ಕಂಪನಿಗೆ ಮೇಲ್ ಹಾಕಿದೆ. ಬಿಲ್, ಇನ್ನೊಂದು ಫೋನಿನಿಂದ ತೆಗೆದ ಗೆರೆಯ ವಿಡಿಯೊ, ಜಾಬ್ ಶೀಟ್ ಎಲ್ಲ ಸೇರಿಸಿ, ಕಿವಿಯ ಸ್ಪೀಕರಿಗೆ ವಾರಂಟಿ ಬೇಡ, ಸ್ಕ್ರೀನಿನ ಗೆರೆಗೆ ಅಂಟು ಹೇಗೆ ಕಾರಣ ಅಂತ ಬರೆದು ಕೊಡಿ ಅಂದೆ. ಇಲ್ಲದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಬಾಗಲಕೋಟೆಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ ಅಂತಲೂ ಬರೆದೆ. ಅದು ಸುಮ್ನೆ ಹೆದರಿಕೆ ಅಲ್ಲ. ಕಂಪನಿ ಎಲ್ಲೇ ಇರಲಿ, ನಾವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, 5 ಲಕ್ಷದವರೆಗಿನ ವಸ್ತುವಿಗೆ ಶುಲ್ಕವೂ ಇಲ್ಲ, ಎರಡು ವರ್ಷದ ಒಳಗೆ ಕೊಟ್ಟರೆ ಆಯಿತು. ಬಿಲ್ಲಿನಲ್ಲಿ ಐಎಂಇಐ ನಂಬರ್, ಅಂದರೆ ಪ್ರತಿ ಫೋನಿಗೂ ಬೇರೆ ಬೇರೆ ಇರುವ ಗುರುತಿನ ನಂಬರ್, ಇದ್ದದ್ದು ನನ್ನ ಪುಣ್ಯ. ಬಿಳಿ ಚೀಟಿಯಲ್ಲಿ ಬರೆಸಿಕೊಂಡಿದ್ದರೆ ಮೇಲ್ ಹಾಕಿಯೂ ಪ್ರಯೋಜನ ಇರಲಿಲ್ಲ.

ಎರಡನೇ ಸಲ ಹೋದಾಗ ಹೊಸ ಜಾಬ್ ಶೀಟ್ ಮಾಡಿಸಿದೆ. ಫೋನ್ ಒಳಗೆ ಒಯ್ಯುವ ಮುಂಚೆ ನಾಲ್ಕೂ ಕಡೆಯಿಂದ ಫೋಟೊ ತೆಗೆದೆ. ಸಿಮ್ ತಟ್ಟೆ ನನ್ನೆದುರಿಗೇ ತೆಗೆಸಿದೆ. ಎಷ್ಟೋ ಫೋನುಗಳಲ್ಲಿ ಆ ಸಂದಿಯೊಳಗೆ ಒಂದು ಪುಟ್ಟ ಬಿಳಿ ಚೀಟಿ ಇರುತ್ತದೆ, ನೀರು ತಾಗಿದರೆ ಕೆಂಪಾಗುತ್ತದೆ. ನನ್ನದು ಬಿಳಿಯೇ ಇತ್ತು, ಅದರ ಫೋಟೊ ಕೂಡ ತಗೊಂಡೆ. "ಹಸಿರು, ಗುಲಾಬಿ ಗೆರೆ, ಬಿದ್ದ ಗುರುತಿಲ್ಲ, ಗಾಜು ಒಡೆದಿಲ್ಲ" ಅಂತ ಬರೆಯುವವರೆಗೂ ಸಹಿ ಹಾಕಲಿಲ್ಲ. ಹಿಂದೆ ಟೋಕನ್ ಹಿಡಿದವರು ಗೊಣಗುತ್ತಿದ್ದರು, ಗೊಣಗಲಿ ಅಂತ ಸುಮ್ಮನಿದ್ದೆ.

ಮೂರನೇ ಸಲ ಹೋದಾಗ "ಪಾರ್ಟ್ ಬಂದಿಲ್ಲ" ಅಂದರು, ಹೊಳ್ಳಿ ಬಂದೆ.

ನಾಲ್ಕನೇ ಸಲ ಸ್ಕ್ರೀನ್ ಸಿಗುತ್ತಿಲ್ಲ ಅಂತ ಫೋನನ್ನೇ ಬದಲಿಸಿ ಕೊಟ್ಟರು. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಇಲ್ಲೂ ಒಂದು ಗಂಟು ಇದೆ. ಬದಲಿ ಫೋನಿನ ಐಎಂಇಐ ಬೇರೆ, ನಿಮ್ಮ ಬಿಲ್ಲಿನಲ್ಲಿ ಇರುವುದು ಹಳೆಯದು. ಅಲ್ಲೇ ನಿಂತು *#06# ಒತ್ತಿ ನಂಬರ್ ನೋಡಿ. ಹಳೆ ನಂಬರಿನ ಬದಲು ಈ ನಂಬರ್ ಕೊಟ್ಟಿದ್ದೇವೆ ಅಂತ ಸೀಲು ಹಾಕಿದ ಪತ್ರ ಇಸಿದುಕೊಳ್ಳಿ. ಕೆವೈಎಂ (KYM) ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಜಾಗ ಬಿಟ್ಟು, ಆ 15 ಅಂಕಿ ಬರೆದು 14422ಕ್ಕೆ ಮೆಸೇಜ್ ಕಳಿಸಿದರೆ ಆ ನಂಬರಿನ ವಿವರ ಬರುತ್ತದೆ. ಆಮೇಲೆ ವಾರಂಟಿ. ಹೊಸ ಫೋನ್ ಬಂತು, ಮತ್ತೆ ಒಂದು ವರ್ಷ ಸಿಗುತ್ತದೆ ಅಂದುಕೊಂಡಿದ್ದೆ. ಇಲ್ಲ, ಹಳೆಯದರಲ್ಲಿ ಉಳಿದ ಆರು ತಿಂಗಳಷ್ಟೇ.

ಡೇಟಾ ವಿಷಯ ಕೇಳಬೇಡಿ. "ಏನೂ ಹೋಗೂದಿಲ್ರಿ" ಅಂದಿದ್ದರು. ಫೋನೇ ಬದಲಾದ ಮೇಲೆ ಹೋಗದೆ ಇರುತ್ತದೆಯೇ? ಫೋಟೊಗಳು ಗೂಗಲ್ ಫೋಟೋಸ್‌ನಲ್ಲಿ ಇದ್ದವು, ವಾಪಸ್ ಬಂದವು. ವಾಟ್ಸಾಪ್ ಬ್ಯಾಕಪ್ ಮಾತ್ರ ಜನವರಿಯದು. ಅಂದರೆ ಯುಗಾದಿಗೆ ಉದ್ರಿ ತಗೊಂಡವರ ಮೆಸೇಜುಗಳು ಒಂದೂ ಇಲ್ಲ. ಇಬ್ಬರು ತಾವಾಗಿಯೇ ಹಣ ಹಾಕಿದರು, ದೊಡ್ಡ ಮನಸ್ಸು. ಇನ್ನೂ ಮೂವರು ಇದ್ದಾರೆ. ಹೆಸರು ನೆನಪಿಲ್ಲ, ಊರೂ ನೆನಪಿಲ್ಲ, ಸೀರೆಗಳು ಮಾತ್ರ ಕಣ್ಣಮುಂದೆ ಇವೆ. ಒಂದು ದಾಳಿಂಬೆ ಕೆಂಪು, ಎರಡು ಗಿಳಿ ಹಸಿರು. ನೀವು ಇದನ್ನು ಓದುತ್ತಿದ್ದರೆ, ನನ್ನ ನಂಬರ್ ಹಳೆಯದೇ ಇದೆ ಅಕ್ಕಾರ.