ಮನೆ, ಫೋನು, ಪರಿಚಯದ ವೈದ್ಯರು, ದೊಡ್ಡ ಆಸ್ಪತ್ರೆ: ನಾಲ್ಕನ್ನೂ ಕಂಡ ಮೇಲೆ

ಕಳೆದ 15ಕ್ಕೂ ಹೆಚ್ಚು ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಕರಿಯ ಎಂಬ ನಾಯಿ, ಗುಂಡ ಮತ್ತು ಚುಕ್ಕಿ ಎಂಬ ಎರಡು ಬೆಕ್ಕುಗಳು ಬೆಳೆದವು. ಅವುಗಳಿಗೆ ಹುಷಾರು ತಪ್ಪಿದಾಗಲೆಲ್ಲ ನಮ್ಮ ಮುಂದಿದ್ದ ದಾರಿಗಳು ನಾಲ್ಕು: ಮನೆಯಲ್ಲೇ ಇಟ್ಟುಕೊಂಡು ಗಮನಿಸುವುದು, ಫೋನಿನಲ್ಲೋ ವಿಡಿಯೊದಲ್ಲೋ ವೈದ್ಯರನ್ನು ಕೇಳುವುದು, ಪರಿಚಯದ ವೈದ್ಯರ ಚಿಕ್ಕ ಕ್ಲಿನಿಕ್‌ಗೆ ಒಯ್ಯುವುದು, ಹಗಲಿರುಳೂ ತೆರೆದಿರುವ, ತಜ್ಞರಿರುವ ದೊಡ್ಡ ಆಸ್ಪತ್ರೆಗೆ ಹೋಗುವುದು. ನಾಲ್ಕನ್ನೂ ಬೇಕಾದಷ್ಟು ಸಲ ಬಳಸಿದ್ದೇವೆ, ಎರಡು ಸಲ ತಪ್ಪು ದಾರಿಯನ್ನೂ ಹಿಡಿದಿದ್ದೇವೆ.

ಮನೆಯಲ್ಲಿ ಕಾಯುವುದನ್ನು ಸೋಮಾರಿತನ ಎಂದುಕೊಳ್ಳುವವರಿದ್ದಾರೆ. ಅಳತೆಯಿಲ್ಲದೆ ಕಾದರೆ ಅದು ನಿಜವೂ ಹೌದು. ನಾವು ಒಂದು ನೋಟ್‌ಬುಕ್ ಇಟ್ಟುಕೊಂಡು ಅದರಲ್ಲಿ ಮೂರು ವಿಷಯಗಳನ್ನು ಬರೆಯುತ್ತ ಬಂದೆವು. ಮೊದಲನೆಯದು ನಿದ್ದೆಯಲ್ಲಿರುವಾಗಿನ ಉಸಿರು: ಎದೆ ಒಮ್ಮೆ ಏರಿ ಇಳಿದರೆ ಒಂದು ಎಂದು 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿದರೆ, ಆರೋಗ್ಯವಾಗಿರುವ ನಾಯಿ ಬೆಕ್ಕುಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 30ರೊಳಗೇ ಬರುತ್ತದೆ. ಎರಡನೆಯದು ವಸಡು: ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗ 2 ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ತಿರುಗಬೇಕು. ಮೂರನೆಯದು ತೂಕ. ಕರಿಯ ವರ್ಷದಲ್ಲಿ ನಾಲ್ಕೈದು ಸಲ ಏನಾದರೂ ತಿಂದು ವಾಂತಿ ಮಾಡಿಕೊಳ್ಳುತ್ತಿದ್ದ. ಒಂದೆರಡು ಸಲ ಕಕ್ಕಿ, ಆಮೇಲೆ ನೀರು ಕುಡಿದು, ಬಾಲ ಅಲ್ಲಾಡಿಸುತ್ತ ಓಡಾಡುತ್ತಿದ್ದರೆ ಒಂದು ದಿನ ಕಾಯುವುದರಲ್ಲಿ ನಮಗೆ ಎಂದೂ ನಷ್ಟವಾಗಲಿಲ್ಲ. ಆದರೆ ಮರಿಗಳ ವಿಷಯದಲ್ಲಿ, ಹೊಟ್ಟೆ ಉಬ್ಬಿ ಬರಿದೇ ಓಕರಿಸುವ ನಾಯಿಯ ವಿಷಯದಲ್ಲಿ, ಎರಡು ದಿನ ಏನೂ ತಿನ್ನದ ಬೆಕ್ಕಿನ ವಿಷಯದಲ್ಲಿ ಈ ದಾರಿ ಇಲ್ಲವೇ ಇಲ್ಲ. ಉಪವಾಸ ಬಿದ್ದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ಶೇಖರವಾಗತೊಡಗುತ್ತದೆ, ಆಮೇಲೆ ಅದೇ ಒಂದು ಬೇರೆ ಕಾಯಿಲೆಯಾಗುತ್ತದೆ. ಮನೆಯ ಔಷಧ ಡಬ್ಬಿಯಿಂದ ಪ್ಯಾರಸಿಟಮಾಲ್ ತೆಗೆದು ಬೆಕ್ಕಿಗೆ ಕೊಡುವ ಯೋಚನೆಯಂತೂ ಬರಲೇಬಾರದು. ಅದನ್ನು ಅರಗಿಸಿ ಹೊರಹಾಕುವ ಸಾಮರ್ಥ್ಯ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆಯಿರುವುದರಿಂದ ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು.

ಫೋನಿನ ಸಲಹೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದರಿಂದ ರೋಗ ಯಾವುದೆಂದು ತಿಳಿಯುವುದಿಲ್ಲ, ಈಗಲೇ ಹೊರಡಬೇಕೋ ಬೆಳಗಿನವರೆಗೆ ಕಾಯಬಹುದೋ ಎಂಬುದು ತಿಳಿಯುತ್ತದೆ. ಒಂದು ರಾತ್ರಿ ಗುಂಡ ಹತ್ತು ನಿಮಿಷಕ್ಕೊಮ್ಮೆ ತನ್ನ ಮಣ್ಣಿನ ತಟ್ಟೆಗೆ ಹೋಗಿ ಕುಳಿತು, ಮುಕ್ಕಿ, ಬರಿದೇ ಎದ್ದು ಬರುತ್ತಿದ್ದ. ಮಲಬದ್ಧತೆ ಎಂದುಕೊಂಡು ಸಂಜೆಯಿಂದ ಸುಮ್ಮನಿದ್ದೆವು. ವಿಡಿಯೊದಲ್ಲಿ ನೋಡಿದ ವೈದ್ಯರು ಕೇಳಿದ್ದು ಎರಡೇ ಪ್ರಶ್ನೆ: ಗಂಡು ಬೆಕ್ಕೇ, ತಟ್ಟೆಯ ಮಣ್ಣು ಒದ್ದೆಯಾಗಿದೆಯೇ. ಗಂಡು, ಒಣಗಿದೆ ಎಂದಾಗ ಅವರು ಮಾತು ಮುಂದುವರಿಸದೆ ಕೂಡಲೇ ಹೊರಡಿ ಎಂದರು. ಮೂತ್ರನಾಳ ಕಟ್ಟಿಕೊಂಡರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ಕೆಡುತ್ತದೆ, ಒಂದೆರಡು ದಿನಗಳಲ್ಲಿ ಪ್ರಾಣ ಹೋಗಬಹುದು. ಅದೇ ವಿಡಿಯೊ ಸಲಹೆ ಕರಿಯನ ಕಿವಿಯ ತುರಿಕೆಗೆ ಏನೂ ಉಪಯೋಗಕ್ಕೆ ಬರಲಿಲ್ಲ. ಕಿವಿಯ ತಮಟೆ ಹರಿದಿದ್ದರೆ ಕೆಲವು ಹನಿ ಔಷಧಗಳು ಕಿವುಡು ತರಬಲ್ಲವು, ಒಳಗೆ ನೋಡದೆ ಏನನ್ನೂ ಬರೆದುಕೊಡಲಾರೆ ಎಂದು ಆ ವೈದ್ಯರು ಹೇಳಿದರು. ಆಗ ನನಗೆ ಸಿಟ್ಟು ಬಂದಿತ್ತು. ನ್ಯಾಯ ಅವರ ಕಡೆಗಿತ್ತು.

ನಿಜವಾದ ಪೈಪೋಟಿ ಇರುವುದು ಚಿಕ್ಕ ಕ್ಲಿನಿಕ್‌ಗೂ ದೊಡ್ಡ ಆಸ್ಪತ್ರೆಗೂ ನಡುವೆ. ಗುಂಡನ ಆ ರಾತ್ರಿಯ ಮಟ್ಟಿಗೆ ಹೋಲಿಕೆಯ ಪ್ರಶ್ನೆಯೇ ಇಲ್ಲ: ಚಿಕ್ಕ ಕ್ಲಿನಿಕ್‌ನ ಬಾಗಿಲು ಮುಚ್ಚಿತ್ತು, ದೊಡ್ಡ ಆಸ್ಪತ್ರೆಯಲ್ಲಿ ಅರ್ಧ ಗಂಟೆಯೊಳಗೆ ನಳಿಕೆ ಹಾಕಿ ಮೂತ್ರ ತೆಗೆದರು, ಎರಡು ದಿನ ಇರಿಸಿಕೊಂಡು ಕಳಿಸಿದರು. ಕರಿಯನ ಕಿವಿಯ ವಿಷಯದಲ್ಲೂ ದೊಡ್ಡ ಆಸ್ಪತ್ರೆಯೇ ಗೆದ್ದಿತು. ಕ್ಲಿನಿಕ್‌ನಲ್ಲಿ ಒಂದೇ ವರ್ಷದಲ್ಲಿ ಮೂರು ಸಲ ಅದೇ ಹನಿ ಔಷಧ ಕೊಟ್ಟಿದ್ದರು, ಪ್ರತಿ ಸಲವೂ ಒಂದು ತಿಂಗಳು ಆರಾಮ, ಆಮೇಲೆ ಮತ್ತೆ ತುರಿಕೆ. ಚರ್ಮತಜ್ಞರು ಮೊದಲು ಕಿವಿಯ ಗುಗ್ಗೆಯನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರು, ಬಳಿಕ ಪದೇ ಪದೇ ಕಿವಿ ಕೆಡಲು ಆಹಾರದ ಅಲರ್ಜಿ ಕಾರಣವಿರಬಹುದೆಂದು, ಅದುವರೆಗೆ ಅವನು ತಿಂದೇ ಇರದ ಒಂದೇ ಬಗೆಯ ಮಾಂಸದ ಆಹಾರವನ್ನು 8 ವಾರ ಕೊಡಿಸಿದರು. ಬೇರೆ ಒಂದು ಬಿಸ್ಕತ್ತಿನ ಚೂರೂ ಬಾಯಿಗೆ ಬೀಳದಂತೆ ಎಂಟು ವಾರ ಕಾಯುವುದು ಮನೆಯವರಿಗೆ ಪರೀಕ್ಷೆಯೇ ಸರಿ. ಮುಗಿದ ಮೇಲೆ ಹಳೆಯ ಆಹಾರ ಕೊಟ್ಟು ನೋಡಿದಾಗ ಒಂದು ವಾರದೊಳಗೆ ತುರಿಕೆ ಮರಳಿತು, ಕಾರಣ ಸಿಕ್ಕಿತು.

ಚುಕ್ಕಿಯ ವಿಷಯದಲ್ಲಿ ಲೆಕ್ಕ ತಿರುಗಿತು. ಅವಳಿಗೆ 14 ವರ್ಷ ತುಂಬಿದಾಗ ನೀರು ಹೆಚ್ಚು ಕುಡಿಯತೊಡಗಿದಳು, ನೋಟ್‌ಬುಕ್ಕಿನಲ್ಲಿ ತೂಕ ಆರು ತಿಂಗಳಲ್ಲಿ 4.2 ಕಿಲೋದಿಂದ 3.6ಕ್ಕೆ ಇಳಿದಿತ್ತು. ಹಿಂದಿನ ಅನುಭವದಿಂದ ನೇರವಾಗಿ ದೊಡ್ಡ ಆಸ್ಪತ್ರೆಗೇ ಒಯ್ದೆವು. ಬೊಗಳುವ ನಾಯಿಗಳ ನಡುವೆ ಎರಡು ಗಂಟೆ ಬುಟ್ಟಿಯಲ್ಲಿ ಕುಳಿತ ಮೇಲೆ ತೆಗೆದ ರಕ್ತದಲ್ಲಿ, ಮೂತ್ರಪಿಂಡ ಹೊರಹಾಕಬೇಕಾದ ಕಶ್ಮಲವಾದ ಕ್ರಿಯಾಟಿನಿನ್ ಜೊತೆಗೆ ಸಕ್ಕರೆಯೂ ಹೆಚ್ಚಾಗಿ ಕಂಡಿತು. ಸಕ್ಕರೆ ಕಾಯಿಲೆಯ ಸಂಶಯ, ಸ್ಕ್ಯಾನ್, ಮೂರು ದಿನ ದಾಖಲು ಎಂದು ಪಟ್ಟಿ ಬೆಳೆಯಿತು. ಒಂದು ದಿನ ಸಮಯ ಕೇಳಿ ನಾವು ಕಾಗದಗಳನ್ನು ಹಿಡಿದು ಕ್ಲಿನಿಕ್‌ಗೆ ಹೋದೆವು. ಚುಕ್ಕಿಯನ್ನು ಮರಿಯಿಂದ ಬಲ್ಲ ಅಲ್ಲಿನ ಡಾಕ್ಟರಮ್ಮ, ಹೆದರಿದ ಬೆಕ್ಕಿನ ರಕ್ತದಲ್ಲಿ ಸಕ್ಕರೆ ಏರುವುದು ಸಾಮಾನ್ಯವೆಂದೂ, ಹಿಂದಿನ ಒಂದೆರಡು ವಾರಗಳ ಸರಾಸರಿಯನ್ನು ಹೇಳುವ ಫ್ರಕ್ಟೋಸಮಿನ್ ಪರೀಕ್ಷೆ ಮಾಡಿಸಿದರೆ ಸಾಕೆಂದೂ ಹೇಳಿದರು. ಅದು ಸರಿಯಾಗಿಯೇ ಬಂತು. ಉಳಿದದ್ದು ಮೂತ್ರಪಿಂಡದ ಹಳೆಯ ಕಾಯಿಲೆ. ಸುಮಾರು ಮುಕ್ಕಾಲು ಪಾಲು ಕೆಲಸ ನಿಂತ ಮೇಲಷ್ಟೇ ಕ್ರಿಯಾಟಿನಿನ್ ಏರುವುದರಿಂದ ಅದು ನಮಗೆ ತಡವಾಗಿ ಕಂಡಿತ್ತು.

ಆ ದಿನ ಡಾಕ್ಟರಮ್ಮ ಕೇಳಿದ ಒಂದು ಪ್ರಶ್ನೆಯನ್ನು ಈಗ ನಾನೇ ಎಲ್ಲ ವೈದ್ಯರಿಗೂ ಕೇಳುತ್ತೇನೆ: ಈ ಪರೀಕ್ಷೆಯ ಫಲ ಹೀಗೆ ಬಂದರೆ ಏನು ಮಾಡುತ್ತೇವೆ, ಹಾಗೆ ಬಂದರೆ ಏನು ಮಾಡುತ್ತೇವೆ? ಎರಡಕ್ಕೂ ಉತ್ತರ ಒಂದೇ ಆದರೆ ಬೆಕ್ಕನ್ನು ಮತ್ತೆ ಬುಟ್ಟಿಗೆ ತುರುಕುವುದೇಕೆ? ಕರಿಯನ ಕಿವಿಗೆ ಇದೇ ಪ್ರಶ್ನೆ ಕೇಳಿದ್ದರೆ ಸೂಕ್ಷ್ಮದರ್ಶಕದ ಪರೀಕ್ಷೆ ಬೇಕೇ ಬೇಕು ಎಂಬ ಉತ್ತರ ಬರುತ್ತಿತ್ತು, ಏಕೆಂದರೆ ಶಿಲೀಂಧ್ರಕ್ಕೆ ಒಂದು ಔಷಧ, ಬ್ಯಾಕ್ಟೀರಿಯಕ್ಕೆ ಇನ್ನೊಂದು. ಚುಕ್ಕಿಗೆ ರಕ್ತದೊತ್ತಡ ನೋಡುವುದು ಹಾಗೆಯೇ ಬೇಕಿತ್ತು, ಏರಿದ್ದರೆ ಮಾತ್ರೆ ಇದೆ. ಸ್ಕ್ಯಾನನ್ನು ಕೈಬಿಟ್ಟೆವು.

ದಾಖಲು ಮಾಡುವ ಬದಲು ಮನೆಯಲ್ಲೇ ಚರ್ಮದ ಕೆಳಗೆ ದ್ರವ ಕೊಡುವುದನ್ನು ಅವರು ನಮಗೆ ಕಲಿಸಿದರು. ಚೀಲವನ್ನು ಬೆಚ್ಚಗಿನ ನೀರಿನಲ್ಲಿ ಇಟ್ಟು ಮೈಯ ಬಿಸುಪಿಗೆ ತಂದು, ಹೆಗಲೆಲುಬುಗಳ ನಡುವಿನ ಚರ್ಮವನ್ನು ಡೇರೆಯಂತೆ ಎತ್ತಿ ಹಿಡಿದು ಸೂಜಿ ಚುಚ್ಚಬೇಕು. ಮೊದಲ ದಿನ ಸೂಜಿ ಚರ್ಮದ ಆಚೆ ಬದಿಯಿಂದ ಹೊರಬಂದು ನನ್ನ ತೋಳೇ ಒದ್ದೆಯಾಯಿತು. ಒಂದು ವಾರದಲ್ಲಿ ಕೈ ಪಳಗಿತು. 100 ಮಿಲಿ ಒಳಗೆ ಹೋದ ಮೇಲೆ ಅವಳ ಬೆನ್ನ ಮೇಲೆ ಒಂಟೆಯ ಡುಬ್ಬದಂತೆ ಏಳುತ್ತಿತ್ತು, ಸಂಜೆಯ ಹೊತ್ತಿಗೆ ಅದು ಜಾರಿ ಮುಂಗಾಲಿನ ಬಳಿ ಜೋತಾಡುತ್ತಿತ್ತು, ಮರುದಿನಕ್ಕೆ ಮಾಯ. ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಕೊಡುವ ದ್ರವ ಬೇಗ ಕೆಲಸ ಮಾಡುತ್ತದೆ ಎಂಬುದು ಸತ್ಯ, ಒಮ್ಮೆಲೇ ಕುಸಿದು ಬಿದ್ದ ಬೆಕ್ಕಿಗೆ ಅದೇ ಬೇಕು. ಆದರೆ ಅಲ್ಲಿ ಊಟ ಬಿಡುವ ಬೆಕ್ಕು ಮನೆಯಲ್ಲಿ ಕಿಟಕಿಯ ಬಳಿ ಕುಳಿತು ತಿನ್ನುತ್ತದೆ ಎಂಬುದೂ ಅಷ್ಟೇ ಸತ್ಯ. ರಂಜಕ ಕಡಿಮೆಯಿರುವ ಆಹಾರ ಮತ್ತು ಈ ದ್ರವದಿಂದ ಚುಕ್ಕಿ 19 ತಿಂಗಳು ಇದ್ದಳು.

ಕೊನೆಯ ತಿಂಗಳಲ್ಲಿ ಎರಡೂ ಕಡೆ ಮತ್ತೆ ವಿಚಾರಿಸಿದೆವು. ದೊಡ್ಡ ಆಸ್ಪತ್ರೆಯವರು ಮತ್ತೊಮ್ಮೆ ದಾಖಲು ಮಾಡಿದರೆ ಕೆಲವು ದಿನ ಸಿಗಬಹುದು ಎಂದರು, ಅದು ಸುಳ್ಳಾಗಿರಲಿಲ್ಲ. ಡಾಕ್ಟರಮ್ಮ, ಅಮೆರಿಕದ ಪಶುವೈದ್ಯೆ ಆಲಿಸ್ ವಿಲಲೋಬೋಸ್ 2004ರಲ್ಲಿ ರೂಪಿಸಿದ ಒಂದು ಅಂಕಪಟ್ಟಿಯನ್ನು ಕೊಟ್ಟರು. ನೋವು, ಹಸಿವು, ಮೈಯ ನೀರಿನಂಶ, ಶುಚಿ, ಲವಲವಿಕೆ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚೇ ಎಂಬ ಏಳಕ್ಕೂ ತಲಾ 10ರಂತೆ ಅಂಕ. ಒಟ್ಟು 35ಕ್ಕಿಂತ ಮೇಲಿದ್ದರೆ ಬದುಕು ಸಹನೀಯ ಎಂದು ಲೆಕ್ಕ. ಮನೆಯ ನಾಲ್ವರೂ ಬೇರೆ ಬೇರೆ ಕುಳಿತು ಬರೆದೆವು. ನಾನು 38 ಕೊಟ್ಟಿದ್ದೆ, ಉಳಿದ ಮೂವರು 30ರ ಕೆಳಗೆ. ದಿನವೂ ಸೂಜಿ ಹಿಡಿಯುತ್ತಿದ್ದವನು ನಾನೇ ಆದ್ದರಿಂದ ನನ್ನ ಅಂಕವನ್ನು ಲೆಕ್ಕದಿಂದ ತೆಗೆದುಹಾಕಲು ಹೇಳಿದೆ. ಎರಡು ದಿನದ ಬಳಿಕ ಡಾಕ್ಟರಮ್ಮ ಮನೆಗೇ ಬಂದರು, ಬುಟ್ಟಿಯನ್ನು ಹೊರತೆಗೆಯಬೇಕಾಗಲಿಲ್ಲ.